ನಡುಮನೆಯ ಗೋಡೆಯ ಮೇಲೆ ರೋಮ್

ಶುಕ್ರವಾರ ಸಂಜೆ ಬೀದಿಯ ತಿರುವಿನಲ್ಲಿ ಚಿಕ್ಕಪ್ಪನ ಬಜಾಜ್ ಚೇತಕ್ ಸದ್ದು ಕೇಳಿದರೆ ಸಾಕು, ನಾನೂ ಅಕ್ಕನೂ ಗೇಟಿಗೆ ಓಡುತ್ತಿದ್ದೆವು. ಸ್ಕೂಟರಿನ ಮುಂಭಾಗದಲ್ಲಿ, ಅವನ ಕಾಲ ಬಳಿ ದುಂಡನೆಯ ತಗಡಿನ ಡಬ್ಬಗಳಿದ್ದರೆ ಅವತ್ತು ರಾತ್ರಿ ನಮಗೆ ಹಬ್ಬ.

ಅದು ಎಂಬತ್ತರ ದಶಕದ ಮೈಸೂರು. ಊರಿನ ಫಿಲಂ ಸೊಸೈಟಿಯೊಂದರ 16 ಎಂ.ಎಂ. ಪ್ರೊಜೆಕ್ಟರ್ ನಡೆಸುವ ಕೆಲಸ ಚಿಕ್ಕಪ್ಪನದು. ವಾರವಿಡೀ ಬ್ಯಾಂಕಿನಲ್ಲಿ ಲೆಡ್ಜರ್ ಬರೆಯುತ್ತಿದ್ದವನು ಶನಿವಾರ ಸಂಜೆ ಶಾಲೆಯ ಹಾಲಿನಲ್ಲಿ ಐವತ್ತು ಅರವತ್ತು ಜನಕ್ಕೆ ಸಿನಿಮಾ ತೋರಿಸುತ್ತಿದ್ದ. ರೈಲ್ವೆ ಪಾರ್ಸೆಲ್‌ನಲ್ಲಿ ಬಂದ ಪ್ರಿಂಟು ನೆಟ್ಟಗಿದೆಯೋ ಇಲ್ಲವೋ ಎಂದು ಹಿಂದಿನ ರಾತ್ರಿಯೇ ಮನೆಯಲ್ಲಿ ಒಮ್ಮೆ ಓಡಿಸಿ ನೋಡುವುದು ಅವನ ಪದ್ಧತಿ. ನಡುಮನೆಯ ಗೋಡೆಯಿಂದ ಕ್ಯಾಲೆಂಡರನ್ನೂ ತಾತನ ಫೋಟೋವನ್ನೂ ಇಳಿಸಿ, ಅಜ್ಜಿ ಒಗೆದಿಟ್ಟ ಬಿಳಿ ಪಂಚೆಯನ್ನು ಅದೇ ಮೊಳೆಗಳಿಗೆ ಬಿಗಿದು ಕಟ್ಟಿದರೆ ಪರದೆ ಸಿದ್ಧ.

ಆ ಪಂಚೆಯ ಮೇಲೆ ನಾವು ನೋಡಿದ ಚಿತ್ರಗಳು ಹತ್ತಾರು. ಆದರೆ ಮೂವರೂ ಸೇರಿದಾಗಲೆಲ್ಲ ಮಾತು ಸುತ್ತಿ ಸುತ್ತಿ ಬಂದು ನಿಲ್ಲುತ್ತಿದ್ದದ್ದು ‘ರೋಮನ್ ಹಾಲಿಡೇ’ ಹತ್ತಿರ. 1953ರ ಚಿತ್ರ, ಕಪ್ಪು ಬಿಳುಪು. ಪ್ರವಾಸಕ್ಕೆ ಬಂದ ರಾಜಕುಮಾರಿಯೊಬ್ಬಳು ಸಭೆ ಸಮಾರಂಭಗಳಿಗೆ ಬೇಸತ್ತು ರಾತ್ರೋರಾತ್ರಿ ತಪ್ಪಿಸಿಕೊಳ್ಳುತ್ತಾಳೆ. ನಿದ್ದೆ ಮದ್ದಿನ ಮಂಪರಿನಲ್ಲಿ ಬೀದಿಯಲ್ಲಿ ಮಲಗಿದ್ದವಳು ಒಬ್ಬ ಪತ್ರಕರ್ತನ ಕೈಗೆ ಸಿಗುತ್ತಾಳೆ. ಅವಳು ಯಾರೆಂದು ಗೊತ್ತಾದ ಮೇಲೂ ಅವನು ಗೊತ್ತಿಲ್ಲದವನಂತೆ ನಟಿಸುತ್ತಾನೆ, ತಾನು ಯಾರೆಂದು ಅವಳೂ ಹೇಳುವುದಿಲ್ಲ. ಇಬ್ಬರ ಸುಳ್ಳಿನಲ್ಲೇ ಒಂದು ಹಗಲು ಕಳೆಯುತ್ತದೆ, ಸುಳ್ಳಲ್ಲದ ಪ್ರೀತಿ ಹುಟ್ಟುತ್ತದೆ. ಇಷ್ಟೇ ಕಥೆ.

ಚಿತ್ರ ಸುಮಾರು ಎರಡು ಗಂಟೆಯದು. 16 ಎಂ.ಎಂ.ನಲ್ಲಿ ಅದು ಮೂರು ದೊಡ್ಡ ರೀಲು. ಇದ್ದದ್ದು ಒಂದೇ ಪ್ರೊಜೆಕ್ಟರ್, ಹಾಗಾಗಿ ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದನ್ನು ಏರಿಸಬೇಕು. ಚಿಕ್ಕಪ್ಪನ ಬೆರಳುಗಳು ಕೆಲಸ ಮಾಡುವುದನ್ನು ನೋಡುತ್ತಾ ಕೂರುವುದೇ ನನಗೆ ಇನ್ನೊಂದು ಸಿನಿಮಾ. ಫಿಲಂ ತುದಿಯನ್ನು ಹಲ್ಲುಚಕ್ರಕ್ಕೆ ಕೂರಿಸಿ, ಗೇಟಿನ ಮೇಲೊಂದು ಕೆಳಗೊಂದು ಸಣ್ಣ ಬಳುಕು ಬಿಡುತ್ತಿದ್ದ. ಅದಕ್ಕೆ ಲೂಪ್ ಅನ್ನುತ್ತಾರೆ. ಅದು ಬಿಗಿಯಾದರೆ ಚಿತ್ರ ನಡುಗುತ್ತದೆ, ಸಡಿಲವಾದರೆ ಫಿಲಂ ಗೋಡೆಗೆ ತಾಗಿ ಗೀರು ಬೀಳುತ್ತದೆ. “ಎರಡು ಬೆರಳು ದಪ್ಪ ಇರ್ಬೇಕು ನೋಡೋ ಪುಟ್ಟ” ಎಂದು ತನ್ನ ಬೆರಳನ್ನೇ ಒಳಗಿಟ್ಟು ಅಳೆಯುತ್ತಿದ್ದ. ಅಷ್ಟು ಹೊತ್ತೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಆಗ ನೋಡಿದ ದೃಶ್ಯವನ್ನು ಹೇಗೆ ತೆಗೆದರು, ಯಾರು ಯಾರಿಗೆ ಏನಂದರು, ಎಲ್ಲಿ ಎಡವಟ್ಟಾಯಿತು, ಎಲ್ಲ ಹೇಳುತ್ತಿದ್ದ. ಲೈಬ್ರರಿಯ ಪುಸ್ತಕಗಳಲ್ಲಿ, ಹಳೆಯ ಸಿನಿಮಾ ಪತ್ರಿಕೆಗಳಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಬ್ಯಾಂಕಿನ ಲೆಡ್ಜರಿನ ಹಾಗೆ ಎಡಕ್ಕೆ ಇಸವಿ, ಬಲಕ್ಕೆ ಸಂಗತಿ.

ಮೊದಲ ರೀಲು ಮುಗಿದಾಗ ಹೇಳಿದ್ದು ಆಡ್ರೆ ಹೆಪ್‌ಬರ್ನ್ ಕಥೆ. ಅವಳು ಆಗ ಅಮೆರಿಕದಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 1951ರ ಸೆಪ್ಟೆಂಬರಿನಲ್ಲಿ ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಅವಳ ಸ್ಕ್ರೀನ್ ಟೆಸ್ಟ್ ನಡೆಯಿತು. ಚಿತ್ರದ ನಿರ್ದೇಶಕ ವಿಲಿಯಂ ವೈಲರ್ ಅಲ್ಲಿರಲಿಲ್ಲ, ಪರೀಕ್ಷೆ ತೆಗೆದವರು ಥೊರಾಲ್ಡ್ ಡಿಕಿನ್ಸನ್. ದೃಶ್ಯ ಮುಗಿದ ಮೇಲೂ ಅವಳಿಗೆ ತಿಳಿಯದಂತೆ ಕ್ಯಾಮೆರಾ ಓಡುತ್ತಲೇ ಇರಬೇಕು ಎಂದು ಏರ್ಪಾಟಾಗಿತ್ತು. ರಾಜಕುಮಾರಿಯಾಗಿ ಹಾಸಿಗೆಯ ಮೇಲೆ ಮಲಗಿದ್ದ ಹುಡುಗಿ ಕೆಲಸ ಮುಗಿಯಿತೆಂದು ಎದ್ದು ಕೂತಳು, ಹೇಗೆ ಮಾಡಿದೆ ಎಂದು ಕೇಳಿದಳು, ನಕ್ಕಳು. ಯುದ್ಧದ ಕಾಲದಲ್ಲಿ ಹಾಲೆಂಡಿನಲ್ಲಿ ಬೆಳೆದ ದಿನಗಳ ಬಗ್ಗೆಯೂ ಮಾತಾಡಿದಳು. ಪಾತ್ರ ಸಿಕ್ಕಿದ್ದು ಆ ಮಾತಿಗೆ, ಆ ನಗುವಿಗೆ. ನ್ಯೂಯಾರ್ಕಿನಲ್ಲಿ ‘ಜಿಜಿ’ ಎಂಬ ನಾಟಕಕ್ಕೆ ಅವಳು ಆಗಲೇ ಒಪ್ಪಿಕೊಂಡಿದ್ದಳು. ಆ ನಾಟಕ ಮುಗಿಯುವವರೆಗೆ ಪ್ಯಾರಾಮೌಂಟ್ ಕಂಪನಿ ಕಾದಿತು.

“ಕಟ್ ಅಂದ್ಮೇಲೂ ಒಂದು ಚೂರು ಓಡ್ತಿರ್ಬೇಕು ಕಣ್ರೋ” ಅಂದಿದ್ದ ಚಿಕ್ಕಪ್ಪ, ಹೊಸ ರೀಲಿನ ಡಬ್ಬ ತೆಗೆಯುತ್ತಾ.

ರೋಮ್ ಬಗ್ಗೆ ಅವನಿಗೆ ಹೇಳಿದಷ್ಟೂ ಸಾಲದು. ಆ ಕಾಲದ ಹಾಲಿವುಡ್‌ನಲ್ಲಿ ಪ್ಯಾರಿಸ್ಸೂ ರೋಮೂ ಸ್ಟುಡಿಯೋದ ಹಿತ್ತಲಲ್ಲೇ ಎದ್ದು ನಿಲ್ಲುತ್ತಿದ್ದವು, ಹಲಗೆ ಗಾರೆ ಬಣ್ಣಗಳಲ್ಲಿ. ವೈಲರ್ ಅದಕ್ಕೆ ಒಪ್ಪಲಿಲ್ಲ. ರೋಮಿನ ಕಥೆಯನ್ನು ರೋಮಿನಲ್ಲೇ ತೆಗೆಯಬೇಕು ಎಂದು ಪಟ್ಟು ಹಿಡಿದು, 1952ರ ಬೇಸಿಗೆಯಲ್ಲಿ ಇಡೀ ತಂಡವನ್ನು ಅಲ್ಲಿಗೆ ಕರೆದೊಯ್ದ. ಇಡೀ ಚಿತ್ರವನ್ನು ರೋಮಿನಲ್ಲೇ ತೆಗೆಯಲಾಗಿದೆ ಎಂಬ ಒಕ್ಕಣೆ ಶುರುವಿನ ಅಕ್ಷರಗಳಲ್ಲೇ ಬರುತ್ತದೆ. ಸುಡುವ ಬಿಸಿಲು, ಕ್ಯಾಮೆರಾ ಇಟ್ಟಲ್ಲೆಲ್ಲ ಜನಜಾತ್ರೆ. ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ರಾಜಕುಮಾರಿ ಐಸ್‌ಕ್ರೀಂ ತಿನ್ನುವ ದೃಶ್ಯವಿದೆಯಲ್ಲ, ಅದರ ಹಿಂದೆ ಇಗರ್ಜಿಯ ಗೋಪುರದ ಗಡಿಯಾರವೊಂದು ಕಾಣುತ್ತದೆ. ಮಾತು ಮುಗಿಯುವುದರೊಳಗೆ ಅದರ ಮುಳ್ಳುಗಳು ಎಲ್ಲಿಂದೆಲ್ಲಿಗೋ ಹಾರಿರುತ್ತವೆ. ಪರದೆಯ ಮೇಲಿನ ಎರಡು ನಿಮಿಷಕ್ಕೆ ಅವರು ಎಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದರು ಎಂಬುದಕ್ಕೆ ಆ ಗಡಿಯಾರವೇ ಸಾಕ್ಷಿ. ಅದನ್ನು ಹುಡುಕಿ ತೋರಿಸುವ ಆಟ ನಮ್ಮದು. ಮೊದಲು ಕಂಡವರಿಗೆ ಅಜ್ಜಿಯ ಡಬ್ಬದಿಂದ ಒಂದು ಕೋಡುಬಳೆ ಹೆಚ್ಚು.

ಪತ್ರಕರ್ತನ ಪಾತ್ರದ ಗ್ರೆಗರಿ ಪೆಕ್ ಮತ್ತು ಹೆಪ್‌ಬರ್ನ್ ವೆಸ್ಪಾ ಹತ್ತಿ ಊರು ಸುತ್ತುವ ದೃಶ್ಯಕ್ಕೆ ನಮ್ಮ ಮನೆಯಲ್ಲಿ ವಿಶೇಷ ಗೌರವ. ಪಿಯಾಜಿಯೋ ಕಂಪನಿಯ ಆ ಸ್ಕೂಟರನ್ನು ಇಲ್ಲಿ ಲೈಸೆನ್ಸ್ ಪಡೆದು ಮಾಡಿದವರು ಬಜಾಜಿನವರು, ಚಿಕ್ಕಪ್ಪನ ಚೇತಕ್ ಅದೇ ವಂಶದ ಕುಡಿ. ವೆಸ್ಪಾ ಅಂದರೆ ಇಟಾಲಿಯನ್ ಮಾತಿನಲ್ಲಿ ಕಣಜದ ಹುಳ ಎಂದು ಹೇಳಿಕೊಟ್ಟವನೂ ಅವನೇ. ಸಿನಿಮಾದಲ್ಲಿ ರಾಜಕುಮಾರಿ ತಾನೇ ಹ್ಯಾಂಡಲ್ ಹಿಡಿದು, ಗಾಡಿ ಎತ್ತೆತ್ತಲೋ ನುಗ್ಗಿ, ಕೊನೆಗೆ ಪೊಲೀಸ್ ಠಾಣೆ ಸೇರುತ್ತಾಳೆ. ಮಾರನೆಯ ಭಾನುವಾರ ಅಕ್ಕ ಹಟ ಹಿಡಿದು ಕೂತಳು. ನಮ್ಮ ಬೀದಿಯಲ್ಲಿ ಹುಡುಗಿಯರು ಸ್ಕೂಟರ್ ಓಡಿಸಿದ್ದನ್ನು ನಾವು ಅಲ್ಲಿಯವರೆಗೆ ಕಂಡಿರಲಿಲ್ಲ. ಚಿಕ್ಕಪ್ಪ ಒಂದು ಮಾತೂ ಆಡದೆ ಮೈದಾನಕ್ಕೆ ಕರೆದುಕೊಂಡು ಹೋಗಿ ಕ್ಲಚ್ಚು ಗೇರು ತೋರಿಸಿಕೊಟ್ಟ. ಎರಡನೇ ಗೇರಿನಲ್ಲಿ ಅಕ್ಕ ಸುತ್ತು ಹಾಕುತ್ತಿದ್ದರೆ ಅವನು ಪಂಚೆ ಮೇಲೆತ್ತಿ ಕಟ್ಟಿ ಹಿಂದೆ ಹಿಂದೆ ಓಡುತ್ತಿದ್ದ.

ಅಕ್ಕ ಗಮನಿಸಿದ್ದು ಬೇರೆಯದೇ. ಬಟ್ಟೆ. ಅರಮನೆಯಿಂದ ತಪ್ಪಿಸಿಕೊಂಡ ಹುಡುಗಿ ಹಗಲೆಲ್ಲ ಇರುವುದು ಒಂದೇ ಬಿಳಿ ರವಿಕೆ, ಒಂದೇ ಲಂಗದಲ್ಲಿ. ಬೆಳಗ್ಗೆ ಕತ್ತಿನ ಗುಂಡಿಯವರೆಗೆ ಬಿಗಿ, ಉದ್ದ ತೋಳು. ಹೊತ್ತು ಏರಿದಂತೆ ಕಾಲರು ತೆರೆಯುತ್ತದೆ, ತೋಳು ಮಡಿಚಿ ಮೇಲೇರುತ್ತದೆ, ಕತ್ತಿಗೊಂದು ಚೌಕ ಬರುತ್ತದೆ, ಕಾಲಿಗೆ ಸಂತೆಯ ಚಪ್ಪಲಿ. ಯಾರೂ ಏನೂ ಹೇಳದೆ ಹುಡುಗಿ ಬಿಡುಗಡೆಯಾಗುತ್ತಾ ಹೋಗುವುದನ್ನು ಆ ಬಟ್ಟೆಯೇ ಹೇಳುತ್ತದೆ. ಇದು ಎಡಿತ್ ಹೆಡ್ ಅವರ ಕೈಚಳಕ, ಅವರಿಗೆ ಆ ವರ್ಷದ ಆಸ್ಕರ್ ಬಂತು. ಚಿಕ್ಕಪ್ಪನ ನೋಟ್‌ಬುಕ್ಕಿನಲ್ಲಿ ಆ ಸಂಗತಿ ಒಂದೇ ಸಾಲು. ಅಕ್ಕ ಅದರ ಕೆಳಗೆ ಪೆನ್ಸಿಲಿನಲ್ಲಿ ನಾಲ್ಕು ರವಿಕೆ ಬರೆದಳು, ಬೆಳಗ್ಗೆಯಿಂದ ರಾತ್ರಿಯವರೆಗೆ. ಸೋಮವಾರ ಯೂನಿಫಾರಂ ತೋಳನ್ನು ಅದೇ ರೀತಿ ಮಡಿಚಿಕೊಂಡು ಶಾಲೆಗೆ ಹೋದಳು.

ಇನ್ನು ಆ ಕಲ್ಲಿನ ಬಾಯಿ.

ರೋಮಿನ ಸಾಂತಾ ಮರಿಯಾ ಇನ್ ಕಾಸ್ಮೆದಿನ್ ಎಂಬ ಹಳೆಯ ಇಗರ್ಜಿಯ ಮೊಗಸಾಲೆಯಲ್ಲಿ ಮುಖವೊಂದನ್ನು ಕೆತ್ತಿದ ದೊಡ್ಡ ಅಮೃತಶಿಲೆಯ ಬಿಲ್ಲೆಯಿದೆ. ಅದರ ಹೆಸರು ಸತ್ಯದ ಬಾಯಿ. ಸುಳ್ಳು ಹೇಳುವವರು ಬಾಯಿಯೊಳಗೆ ಕೈಯಿಟ್ಟರೆ ಕೈ ಕಚ್ಚಿಕೊಳ್ಳುತ್ತದೆ ಎಂದು ಪ್ರತೀತಿ. ಇಬ್ಬರೂ ಸುಳ್ಳು ಹೇಳುತ್ತಿರುವ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು! ಹುಡುಗಿ ಕೈ ಚಾಚಿ ಹೆದರಿ ಹಿಂದೆಗೆಯುತ್ತಾಳೆ. ಆಮೇಲೆ ಅವನ ಸರದಿ. ಗ್ರೆಗರಿ ಪೆಕ್ ಕೈಯನ್ನು ಮೆಲ್ಲಗೆ ಒಳಗೆ ತೂರಿಸುತ್ತಾನೆ, ಒಮ್ಮೆಲೇ ಕೂಗಿಕೊಳ್ಳುತ್ತಾನೆ, ಒದ್ದಾಡುತ್ತಾನೆ. ಅವಳು ಕಿರುಚುತ್ತಾ ಅವನನ್ನು ಹಿಡಿದೆಳೆದರೆ ಕೋಟಿನ ತೋಳಿನ ತುದಿಯಲ್ಲಿ ಕೈಯೇ ಇಲ್ಲ!

ತೋಳಿನೊಳಗೆ ಕೈ ಎಳೆದುಕೊಳ್ಳುವ ಉಪಾಯ ಪೆಕ್‌ಗೆ ಹೊಳೆದದ್ದು ರೆಡ್ ಸ್ಕೆಲ್ಟನ್ ಎಂಬ ಹಾಸ್ಯನಟ ಮಾಡುತ್ತಿದ್ದ ಚೇಷ್ಟೆಯಿಂದ. ವೈಲರ್ ಕಿವಿಗೆ ಮೊದಲೇ ಹಾಕಿದ್ದ, ಹುಡುಗಿಗೆ ಮಾತ್ರ ಹೇಳಿರಲಿಲ್ಲ. ಒಂದೇ ಟೇಕ್. “ಅವ್ಳು ಕಿರುಚಿದ್ದು ನಟನೆ ಅಲ್ಲ ಕಣೋ, ನಿಜವಾಗ್ಲೂ ಹೆದರಿಬಿಟ್ಳು. ಆಮೇಲೆ ಬರೋ ನಗು ನೋಡು, ಅದೂ ನಿಜದ್ದೇ” ಎಂದು ಚಿಕ್ಕಪ್ಪ ಫಿಲಂ ಹಿಂದಕ್ಕೆ ಸುತ್ತಿ ಆ ದೃಶ್ಯವನ್ನು ಎರಡನೇ ಸಲ ಹಾಕಿದ. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡು ಸಲವೂ “ಅಯ್ಯೋ” ಅಂದರು. ಅಂಥ ದೃಶ್ಯವನ್ನು ಗುಟ್ಟು ಗೊತ್ತಾದ ಮೇಲೆ ನೋಡಿದರೆ ರುಚಿ ಕೆಡುತ್ತದೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಗುಟ್ಟು ತಿಳಿದ ಮೇಲೇ ನಾನು ಅವಳ ಮುಖವನ್ನು ಸರಿಯಾಗಿ ನೋಡಲು ಕಲಿತದ್ದು.

ಪೆಕ್ ದೊಡ್ಡ ಮನಸ್ಸಿನ ಮನುಷ್ಯ. ಅವನು ಆಗಲೇ ಹೆಸರಾದ ನಟ, ಚಿತ್ರದ ಶೀರ್ಷಿಕೆಯ ಮೇಲೆ ಅವನೊಬ್ಬನ ಹೆಸರೇ ಬರಬೇಕೆಂದು ಕರಾರಾಗಿತ್ತು. ಕೆಲಸ ಶುರುವಾದ ಮೇಲೆ, ಈ ಹುಡುಗಿಯ ಹೆಸರನ್ನೂ ನನ್ನ ಹೆಸರಿನ ಜೊತೆಗೇ ಹಾಕಿ, ಇವಳಿಗೆ ಆಸ್ಕರ್ ಬರುತ್ತದೆ ಎಂದು ತಾನೇ ಹೇಳಿದ. ಅವಳಿಗೆ ಆಸ್ಕರ್ ಬಂತು. ಅವನ ಬದುಕಿಗೂ ಆ ಬೇಸಿಗೆ ಒಂದು ತಿರುವು. ರೋಮಿಗೆ ಹೋಗುವ ದಾರಿಯಲ್ಲಿ ಪ್ಯಾರಿಸ್‌ನಲ್ಲಿ ವೆರೋನಿಕ್ ಪಸ್ಸಾನಿ ಎಂಬ ಪತ್ರಕರ್ತೆ ಅವನ ಸಂದರ್ಶನ ಮಾಡಿದ್ದಳು. 1955ರಲ್ಲಿ ಅವರ ಮದುವೆಯಾಯಿತು. ತೆರೆಯ ಮೇಲೆ ಅವನು ಪತ್ರಕರ್ತ, ತೆರೆಯ ಆಚೆ ಅವನ ಮನಸ್ಸು ಗೆದ್ದವಳು ಪತ್ರಕರ್ತೆ. ಅಕ್ಕನಿಗೆ ಈ ಕಥೆ ಸಿನಿಮಾಕ್ಕಿಂತ ಇಷ್ಟ.

ಮೂರನೇ ರೀಲಿಗೆ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ರಾಜಕುಮಾರಿ ತನ್ನ ಲೋಕಕ್ಕೆ ಮರಳಬೇಕು. ಕಾರಿನಲ್ಲಿ ಇಬ್ಬರೂ ಬೀಳ್ಕೊಳ್ಳುವ ದೃಶ್ಯ. ಅವಳ ಮುಖ ಹತ್ತಿರ ಬಂತು, ತಟಕ್ಕನೆ ಚಿತ್ರ ನಡುಗಿ ನಿಂತಿತು. ಚಿಕ್ಕಪ್ಪ ಕ್ಷಣ ತಡಮಾಡದೆ ದೀಪ ಆರಿಸಿದ. ಇಲ್ಲದಿದ್ದರೆ ನಿಂತ ಚೌಕ ಬಿಸಿಗೆ ಕರಗಿಬಿಡುತ್ತದೆ. ಹಲ್ಲುಚಕ್ರ ಕಚ್ಚಿ ಅಂಚಿನ ತೂತುಗಳು ಹರಿದಿದ್ದವು. ಟ್ಯೂಬ್‌ಲೈಟ್ ಕೆಳಗೆ ಕೂತು ಅವನು ಹರಿದ ಎರಡು ಚೌಕಗಳನ್ನು ಕತ್ತರಿಸಿ ತೆಗೆದ. ಬ್ಲೇಡಿನಿಂದ ಒಂದು ತುದಿಯ ಲೇಪವನ್ನು ಹಗೂರ ಕೆರೆದು, ಫಿಲಂ ಸಿಮೆಂಟ್ ಸವರಿ, ಎರಡೂ ತುದಿಗಳನ್ನು ಒತ್ತಿ ಹಿಡಿದ. ಅದು ಒಣಗುವವರೆಗೆ ಹೇಳಿದ್ದೂ ಅದೇ ದೃಶ್ಯದ ಕಥೆ.

ಹೆಪ್‌ಬರ್ನ್‌ಗೆ ಅಳು ಬರಲೊಲ್ಲದು. ಟೇಕಿನ ಮೇಲೆ ಟೇಕ್. ವೈಲರ್ ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆಯುವುದಕ್ಕೆ ಹೆಸರಾದವನೇ, ಅವನ ತಾಳ್ಮೆಯೂ ಮುಗಿಯಿತು. ಎಲ್ಲರೆದುರು ಗದರಿಬಿಟ್ಟ. ಅಲ್ಲಿಯವರೆಗೆ ಅವಳನ್ನು ಯಾರೂ ಹಾಗೆ ಗದರಿರಲಿಲ್ಲ. ಅವಳ ಕಣ್ಣಲ್ಲಿ ಬಳಬಳ ನೀರು ಬಂತು, ಕ್ಯಾಮೆರಾ ಓಡಿತು, ದೃಶ್ಯ ಸಿಕ್ಕಿತು. ಆಮೇಲೆ ವೈಲರ್ ಅವಳನ್ನು ತಬ್ಬಿಕೊಂಡು ಸಮಾಧಾನ ಹೇಳಿದ. ಇದನ್ನು ಮುಂದೆ ಅವಳೇ ಮನಸ್ಸಿನಲ್ಲಿ ಕಹಿಯಿಲ್ಲದೆ ನೆನೆಯುತ್ತಿದ್ದಳು. “ಬೈದು ಅಳಿಸೋದು ತಪ್ಪಲ್ವಾ ಚಿಕ್ಕಪ್ಪ?” ಎಂದು ನಾನು ಕೇಳಿದೆ. “ತಪ್ಪೇ” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಈ ಹುಡುಗಿ ಅಳೋದು ನೋಡಿದ್ರೆ ನಂಗೂ ತಡೆಯಕ್ಕಾಗಲ್ಲ ಕಣೋ” ಅಂದ.

ಫಿಲಂ ಮತ್ತೆ ಓಡಿದಾಗ ಮೊದಲು ಅವಳ ಮುಖ ಸಣ್ಣಗೆ ಜಿಗಿಯಿತು, ಒಂದು ಸೆಕೆಂಡು ಕಳೆದು ಶಬ್ದ ಜಿಗಿಯಿತು. 16 ಎಂ.ಎಂ.ನಲ್ಲಿ ಶಬ್ದದ ಗೆರೆ ಚಿತ್ರಕ್ಕಿಂತ 26 ಚೌಕ ಮುಂದಿರುತ್ತದೆ, ಅದಕ್ಕೇ ಹೀಗೆ. ಕಡಿದು ತೆಗೆದ ಎರಡು ಚೌಕಗಳನ್ನು ಚಿಕ್ಕಪ್ಪ ಬೆಣ್ಣೆ ಕಾಗದದಲ್ಲಿ ಮಡಿಚಿ ನೋಟ್‌ಬುಕ್ಕಿಗೆ ಅಂಟಿಸಿದ. ಪಕ್ಕದಲ್ಲಿ ಬರೆದ: ಸೆಕೆಂಡಿನ 12ರಲ್ಲಿ 1 ಭಾಗ.

ಕೊನೆಯ ದೃಶ್ಯ ಕೊಲೊನ್ನ ಅರಮನೆಯ ದೊಡ್ಡ ಹಜಾರದಲ್ಲಿ ನಡೆಯುತ್ತದೆ. ರಾಜಕುಮಾರಿ ಪತ್ರಕರ್ತರ ಸಾಲಿನ ಎದುರು ಬರುತ್ತಾಳೆ. ಸಾಲಿನಲ್ಲಿ ನಿಜವಾದ ಪತ್ರಕರ್ತರೂ ಇದ್ದಾರೆ, ತಮ್ಮ ಸ್ವಂತ ಹೆಸರು, ತಮ್ಮ ಪತ್ರಿಕೆಯ ಹೆಸರನ್ನೇ ಹೇಳಿ ಕೈಕುಲುಕುತ್ತಾರೆ. ಅವರ ನಡುವೆ ಪೆಕ್, ಅವನ ಪಕ್ಕ ಫೋಟೋಗ್ರಾಫರ್ ಗೆಳೆಯನ ಪಾತ್ರದ ಎಡ್ಡಿ ಆಲ್ಬರ್ಟ್. ಎಲ್ಲರೂ ಹೋದ ಮೇಲೆ ಪೆಕ್ ಒಬ್ಬನೇ ಜೇಬಿನಲ್ಲಿ ಕೈಯಿಟ್ಟು ಅಷ್ಟುದ್ದದ ಹಜಾರವನ್ನು ನಡೆದು ದಾಟುತ್ತಾನೆ. ಅವನ ಹೆಜ್ಜೆ ಸದ್ದು ನಮ್ಮ ನಡುಮನೆಯಲ್ಲಿ ಕೇಳಿಸುತ್ತಿತ್ತು. ಚಿತ್ರ ಮುಗಿಯಿತು. ಫಿಲಂ ಬಾಲ ರೀಲಿಗೆ ಬಡಿದು ಟಪಟಪ ಅನ್ನುತ್ತಿದ್ದರೂ ಚಿಕ್ಕಪ್ಪ ಏಳಲಿಲ್ಲ.

“ಆ ಹುಡುಗೀನ ಅವ್ನು ಮದ್ವೆ ಮಾಡ್ಕೋಬಾರ್ದಿತ್ತಾ?” ಎಂದರು ಅಜ್ಜಿ.

“ಆಗ್ತಿರ್ಲಿಲ್ಲಮ್ಮ” ಅಂದ ಚಿಕ್ಕಪ್ಪ, ಮೋಟರ್ ನಿಲ್ಲಿಸುತ್ತಾ. ಅವನು ಮದುವೆಯಾಗಿರಲಿಲ್ಲ. ಅಜ್ಜಿ ಮತ್ತೇನೂ ಕೇಳದೆ ಪಂಚೆಯ ಗಂಟು ಬಿಚ್ಚಿದರು.

ಚಿಕ್ಕಪ್ಪ 1991ರಲ್ಲಿ ತೀರಿಕೊಂಡ. ಎರಡು ವರ್ಷಕ್ಕೆ, 1993ರಲ್ಲಿ, ಪತ್ರಿಕೆಯಲ್ಲಿ ಒಂದು ಸುದ್ದಿ ಓದಿ ನಾನು ಕೂತಲ್ಲೇ ಎದ್ದುನಿಂತೆ. ನೋಟ್‌ಬುಕ್ಕಿನಲ್ಲಿ ಅವನು ‘ಕಥೆ: ಇಯಾನ್ ಮೆಕ್ಲೆಲನ್ ಹಂಟರ್, ಆಸ್ಕರ್’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದ. ಕಥೆ ಹಂಟರ್‌ನದಾಗಿರಲಿಲ್ಲ. ಬರೆದವನು ಡಾಲ್ಟನ್ ಟ್ರಂಬೋ. ಹಾಲಿವುಡ್‌ನ ಕಮ್ಯುನಿಸ್ಟರನ್ನು ಬೇಟೆಯಾಡಿದ ವಿಚಾರಣೆಯಲ್ಲಿ ಉತ್ತರ ಕೊಡಲು ಒಪ್ಪದೆ ಜೈಲಿಗೆ ಹೋದ ಹತ್ತು ಜನರಲ್ಲಿ ಅವನೊಬ್ಬ. ಅವನ ಹೆಸರಿದ್ದರೆ ಯಾವ ಕಂಪನಿಯೂ ಕಥೆ ಮುಟ್ಟುವಂತಿರಲಿಲ್ಲ. ಗೆಳೆಯ ಹಂಟರ್ ತನ್ನ ಹೆಸರು ಕೊಟ್ಟ, ಚಿತ್ರಕಥೆಯಲ್ಲಿ ತಾನೂ ಕೈಯಾಡಿಸಿದ. ಕಥೆಗೆ ಆಸ್ಕರ್ ಬಂದಾಗ ಅದು ಹಂಟರ್ ಹೆಸರಿಗೇ ಹೋಯಿತು. ಟ್ರಂಬೋ 1976ರಲ್ಲಿ ಸತ್ತ. 1993ರಲ್ಲಿ ಅಕಾಡೆಮಿ ಆ ಪ್ರಶಸ್ತಿಯನ್ನು ಅವನ ಹೆಂಡತಿ ಕ್ಲಿಯೋ ಕೈಗೆ ಕೊಟ್ಟಿತು. ಬರಹಗಾರರ ಸಂಘ ಚಿತ್ರಕಥೆಯ ಶ್ರೇಯಸ್ಸಿಗೆ ಅವನ ಹೆಸರನ್ನು ಸೇರಿಸಿದ್ದು 2011ರಲ್ಲಿ. ತಾನು ಯಾರೆಂದು ಹೇಳಲಾಗದವರ ಕಥೆಯನ್ನು ತನ್ನ ಹೆಸರು ಹೇಳಲಾಗದವನೇ ಬರೆದಿದ್ದ. ಇದನ್ನು ಕೇಳಿದ್ದರೆ ಚಿಕ್ಕಪ್ಪ ಆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ.

ಅವತ್ತು ರಾತ್ರಿ ದರ ಇಳಿಯುವವರೆಗೂ ಕಾದು ಎಸ್‌ಟಿಡಿ ಬೂತಿನಿಂದ ಹುಬ್ಬಳ್ಳಿಗೆ, ಅಕ್ಕನ ಮನೆಗೆ ಫೋನ್ ಮಾಡಿದೆ. ನೋಟ್‌ಬುಕ್ ಅವಳ ಹತ್ತಿರವಿತ್ತು. “ಹೊಡೆದು ಹಾಕ್ಬೇಡ, ಕೆಳಗೆ ಬರಿ” ಅಂದೆ. ಹಂಟರ್ ಹೆಸರನ್ನು ಹಾಗೇ ಬಿಟ್ಟು ಅದರ ಕೆಳಗೆ ಅಕ್ಕ ಟ್ರಂಬೋ ಹೆಸರು ಬರೆದಳು, ಕೆಂಪು ಶಾಯಿಯಲ್ಲೇ.

ಆಡ್ರೆ ಹೆಪ್‌ಬರ್ನ್ ಹೋದದ್ದೂ ಆ ವರ್ಷವೇ, ಜನವರಿಯಲ್ಲಿ. ರೋಮಿನಲ್ಲಿ ಶುರುವಾದ ಅವಳ ಮತ್ತು ಪೆಕ್‌ನ ಸ್ನೇಹ ಕೊನೆಯವರೆಗೂ ಇತ್ತು. ಅವಳು ಸತ್ತ ಮೇಲೆ ಪೆಕ್ ಕ್ಯಾಮೆರಾ ಎದುರು ಅವಳಿಗಾಗಿ ಒಂದು ಕವಿತೆ ಓದಿದ. ನಮ್ಮ ರವೀಂದ್ರನಾಥ ಠಾಕೂರರ, ಕೊನೆಯಿಲ್ಲದ ಪ್ರೀತಿಯ ಮೇಲಿನ ಕವಿತೆ. ಅದನ್ನು ಬಹಳ ವರ್ಷಗಳ ಮೇಲೆ ಅಕ್ಕ ನನ್ನ ಮೊಬೈಲಿಗೆ ಕಳಿಸಿದಳು. ಜೊತೆಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಮುದುಕನಾದ ಪೆಕ್, ಕಟ್ಟಿದ ದನಿ. ನೋಡಿ ಮುಗಿಸಿ ನಾನೂ ಏನೂ ಬರೆಯಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಕ್ಕ ಬಂದಾಗ ನೋಟ್‌ಬುಕ್ ತಂದಿದ್ದಳು. ಬೆಣ್ಣೆ ಕಾಗದ ಬಿಚ್ಚಿದರೆ ಹುಳಿ ವಾಸನೆ, ಹಳೆಯ ಫಿಲಂ ವಿನೆಗರಿನಂತೆ ನಾರುತ್ತದೆ. ಉಗುರಿನಷ್ಟೇ ಅಗಲದ ಎರಡು ಚೌಕಗಳು ಸ್ವಲ್ಪ ಸುರುಳಿಯಾಗಿದ್ದವು. ಕಿಟಕಿಯ ಬೆಳಕಿಗೆ ಹಿಡಿದೆವು. ಕತ್ತರಿಸಿದ ಗಿಡ್ಡ ಕೂದಲು, ಕೆನ್ನೆಯ ಒಂದು ಅಂಚು, ಕಪ್ಪಾಗಿ ಒಂದು ಕಣ್ಣು. ಮೇಲಿನ ಚೌಕದಲ್ಲಿ ಕಣ್ಣು ತೆರೆದಿದೆ. ಕೆಳಗಿನದರಲ್ಲಿ ಮುಚ್ಚಲು ಶುರುವಾಗಿದೆ.

“ನೀರು ಕಾಣ್ಸತ್ತಾ?” ಅಂದಳು ಅಕ್ಕ, ಕನ್ನಡಕ ಮೇಲೆತ್ತಿ.

“ತುಂಬಾ ಚಿಕ್ದು ಅಕ್ಕ, ಕಾಣ್ಸಲ್ಲ.”

“ಇದೆ, ನೋಡು ಸರಿಯಾಗಿ” ಎಂದು ನನ್ನ ಕೈಯನ್ನು ಕಿಟಕಿಯ ಕಡೆಗೆ ಇನ್ನೊಂದಿಷ್ಟು ತಿರುಗಿಸಿದಳು.